ಮೇಸ್ತ್ರಿಗಳು ಮಲಗಿ ಗಳಿಸಿದ ಎತ್ತರ

"ಈ ಸಲದ ಫೋಟೋದಲ್ಲಿ ನಿನಗಿಂತ ಎರಡು ಬೆರಳು ಎತ್ತರ ಕಾಣದೇ ಹೋದ್ರೆ, ನನ್ನ ಕರಣೆ ತಗೊಂಡು ತಿಪ್ಪೆಗೆ ಎಸೆದುಬಿಡ್ತೀನಿ!"

ಗಾರೆ ಮೇಸ್ತ್ರಿಗಳು ಕನ್ನಡಿಯ ಮುಂದೆ ನಿಂತು ಹೀಗೆ ಗುಡುಗಿದಾಗ, ಕನ್ನಡಿಯೊಳಗಿದ್ದವರೊಬ್ಬರೇ ಹೌದೆಂದು ತಲೆಯಾಡಿಸಿದರು. ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: "ಎಸೆಯೋ ಮುಂಚೆ ಆ ಬಚ್ಚಲ ನೆಲ ಒಂದು ಸರಿ ಮಾಡಿಬಿಡಿ. ನಾನು ಜಾರಿ ಬಿದ್ದಾಗಿನಿಂದ ಹಾಗೇ ಇದೆ!"

ಮದುವೆಯಾದ ದಿನ ಬಂದಾಗಲೆಲ್ಲ ಜೋಡಿಯಾಗಿ ನಿಂತು ಫೋಟೋ ತೆಗೆಸಿಕೊಳ್ಳುವುದು ಈ ಮನೆಯ ಕಟ್ಟಳೆ. ನಡುಮನೆಯ ಗೋಡೆಯ ತುಂಬ ಅವೇ. ಒಂದೊಂದರಲ್ಲೂ ಮೇಸ್ತ್ರಿಗಳು ಹೆಂಡತಿಗಿಂತ ಎರಡು ಬೆರಳು ಎತ್ತರ! ಬಂದವರಿಗೆ ಕುಡಿಯಲು ನೀರು ಕೊಡುವ ಮೊದಲೇ ಆ ಸಾಲು ತೋರಿಸಿ, "ನೋಡಿದ್ರಾ? ಇಷ್ಟು ವರ್ಷವಾದ್ರೂ ಮಟ್ಟ ಕದಲಿಲ್ಲ!" ಎಂದು ಎದೆಯುಬ್ಬಿಸುವರು. ಎಷ್ಟಾದರೂ ಬೇರೆಯವರ ಗೋಡೆ ಕೂದಲೆಳೆಯಷ್ಟು ಓರೆಯಿದ್ದರೂ ದಾರಿಯಲ್ಲಿ ಹೋಗುತ್ತಲೇ ಕಂಡುಹಿಡಿಯುವ ಕಣ್ಣು ಅದು.

ಅಂಥ ಕಣ್ಣಿಗೇ ಕುತ್ತು ಬಂತು. ಬಚ್ಚಲಲ್ಲಿ ಜಾರಿ ಬಿದ್ದು ಮೊಣಕಾಲ ಕೆಳಗಿನ ಮೂಳೆ ಮುರಿದುಕೊಂಡಿದ್ದ ಹೆಂಡತಿ, ಕಾಲಿನ ಪ್ಲಾಸ್ಟರು ಬಿಚ್ಚಿಸಿಕೊಂಡು ಬಂದು ಪಕ್ಕದಲ್ಲಿ ನಿಂತಳು. ಮೇಸ್ತ್ರಿಗಳು ಮಾತಾಡಿಸಲು ತಿರುಗಿದರೆ, ಹೆಂಡತಿಯ ಹುಬ್ಬು ಸಿಗಬೇಕಾದ ಕಡೆ ಮೂಗು ಸಿಕ್ಕಿತು!

"ಏ ಇವಳೇ, ಯಾವುದರ ಮೇಲೆ ಹತ್ತಿ ನಿಂತಿದೀಯ?"

"ನೆಲದ ಮೇಲೆ ಕಣ್ರೀ. ಇನ್ನೆಲ್ಲಿ ನಿಲ್ಲಲಿ?"

ಕೂಡಲೇ ಗೋಡೆಯ ಮಟ್ಟ ನೋಡುವ ರಸಮಟ್ಟ ಬಂತು. ಗಂಡ ಹೆಂಡತಿ ಬೆನ್ನಿಗೆ ಬೆನ್ನು ಕೊಟ್ಟು ನಿಂತರು. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಮಾಡುವ ಮಗಳು ಇಬ್ಬರ ನೆತ್ತಿಯ ಮೇಲೂ ಅದನ್ನು ಅಡ್ಡಲಾಗಿ ಇಟ್ಟಳು. ಎತ್ತರದ ಕಡೆಗೆ ಓಡುವುದು ಅದರ ಗುಳ್ಳೆಯ ಹುಟ್ಟುಗುಣ. ಓಡಿತು.

"ಅಪ್ಪಾ, ಗುಳ್ಳೆ ಅಮ್ಮನ ಕಡೆ ಹೋಯ್ತು."

"ರಸಮಟ್ಟ ಕೆಟ್ಟಿದೆ!"

ತಿರುಗಿಸಿ ಇಟ್ಟರೂ ಆ ಗುಳ್ಳೆ ಅಮ್ಮನ ಪಕ್ಷ ಬಿಡಲಿಲ್ಲ. ಮೇಸ್ತ್ರಿಗಳು ಗಲ್ಲ ಕೆರೆದುಕೊಂಡರು. ಥಟ್ಟನೆ ಹೊಳೆಯಿತು! "ಗೊತ್ತಾಯ್ತು! 'ಮುರಿದ ಕಡೆ ಹೊಸ ಮೂಳೆ ಬೆಳೆದಿದೆ' ಅಂತ ಡಾಕ್ಟರೇ ಅಂದಿದ್ರಲ್ಲ? ನಿಮ್ಮಮ್ಮ ಅಲ್ಲೇ ಬೆಳೆದುಬಿಟ್ಟಿದಾಳೆ!"

ಮಗಳು ಹಣೆ ಚಚ್ಚಿಕೊಂಡಳು. "ಅದು ಬಿರುಕಿನ ಸುತ್ತ ಮೆತ್ತೋ ಗಾರೆ ಇದ್ದ ಹಾಗೆ ಅಪ್ಪಾ. ಮೊದಲು ದಪ್ಪಗೆ ಗಂಟು ಕಟ್ಟುತ್ತೆ, ಆಮೇಲೆ ಬರ್ತಾ ಬರ್ತಾ ಮೈಯೇ ಅದನ್ನ ಕೆರೆದು ನುಣುಪು ಮಾಡುತ್ತೆ. ಅದರಿಂದ ಯಾರೂ ಉದ್ದ ಆಗಲ್ಲ. ಉದ್ದ ಬೆಳೆಯೋದು ಮೂಳೆ ತುದಿ ಹತ್ತಿರದ ಒಂದು ಮೆತ್ತನೆ ಪಟ್ಟಿಯಿಂದ. ಹರೆಯ ಮುಗಿಯೋ ಹೊತ್ತಿಗೆ ಅದೂ ಮೂಳೆಯಾಗಿ, ಬಾಗಿಲು ಹಾಕ್ಕೊಂಡುಬಿಡುತ್ತೆ."

"ಕೆರೆಯೋದು, ನುಣುಪು ಮಾಡೋದು... ಒಳಗೆ ನಮ್ಮ ಕಸುಬಿನವರು ಯಾರೋ ಇದಾರೆ ಅನ್ನು! ಹಾಗಾದ್ರೆ ನಾನೇ ಕುಗ್ಗಿದೀನಿ ಅಂತೀಯಾ?"

"ವಯಸ್ಸಾದ ಮೇಲೆ ಯಾರಾದ್ರೂ ಸ್ವಲ್ಪ ಕುಗ್ತಾರಪ್ಪ. ಬೆನ್ನುಮೂಳೆಯ ಮಣಿಗಳ ಮಧ್ಯೆ ಮೆತ್ತೆಗಳಿರ್ತಾವೆ. ಹಗಲೆಲ್ಲ ಓಡಾಡಿದ್ರೆ ಭಾರಕ್ಕೆ ಅಮುಕಿ ತೆಳ್ಳಗಾಗ್ತಾವೆ. ಮಲಗಿದ್ರೆ ಮತ್ತೆ ಉಬ್ತಾವೆ. ಅದಕ್ಕೇ ಬೆಳಗ್ಗೆ ಎದ್ದಾಗ ಎಲ್ರೂ ಒಂದು ಬೆರಳಗಲ ಹೆಚ್ಚು ಎತ್ತರ ಇರ್ತಾರೆ."

ಮಗಳು ಜನ್ಮದಲ್ಲಿ ಆಡಬಾರದಿದ್ದ ಮಾತು ಅದು. ಮೇಸ್ತ್ರಿಗಳ ಕಿವಿ ನೆಟ್ಟಗಾಯಿತು. ಸ್ಟುಡಿಯೋ ಬಾಗಿಲು ತೆಗೆಯುವುದು ಬಿಸಿಲೇರಿದ ಮೇಲೆ. ಅಷ್ಟರೊಳಗೆ ಎದ್ದು ಓಡಾಡಿದರೆ ಗಳಿಸಿದ ಬೆರಳಗಲವೂ ನೀರುಪಾಲು. ಹಾಗಾದರೆ ಏಳಲೇಬಾರದು!

ಫೋಟೋದ ದಿನ ಮೇಸ್ತ್ರಿಗಳು ಮಲಗಿಕೊಂಡೇ ಹಲ್ಲುಜ್ಜಿದರು, ಮಲಗಿಕೊಂಡೇ ಇಸ್ತ್ರಿಯ ಅಂಗಿ ತೊಟ್ಟರು. ಆಮೇಲೆ ಸಿಮೆಂಟು ಚೀಲ ಹೊರುವ ತಳ್ಳುಗಾಡಿಯ ಮೇಲೆ, ಮಡಿಕೆ ಕೆಡದಂತೆ ಎದೆಯ ಮೇಲೆ ಕೈಯಿಟ್ಟು ಚಾಚಿ ಮಲಗಿದರು. ಮಗಳು ತಲೆ ತಗ್ಗಿಸಿ ಗಾಡಿ ತಳ್ಳಿದಳು. ಹೆಂಡತಿ ಕೋಲೂರಿಕೊಂಡು ಹಿಂದೆ ನಡೆದಳು. ಬಿಸಿಲು ತಡೆಯಲೆಂದು ಮೇಸ್ತ್ರಿಗಳ ಮುಖದ ಮೇಲೆ ಒಂದು ಬಿಳಿ ಕರವಸ್ತ್ರ ಬೇರೆ!

ರಸ್ತೆಯೇ ಸ್ತಬ್ಧವಾಯಿತು. ಸೈಕಲ್ಲಿನವರು ಇಳಿದು ನಿಂತರು. ಬ್ರೆಡ್ಡಿನ ಅಂಗಡಿಯವನು ಓಡಿಬಂದು ಟೋಪಿ ತೆಗೆದ.

"ಅಯ್ಯೋ! ನಿನ್ನೆ ತಾನೇ ನೋಡಿದ್ನಲ್ಲಮ್ಮಾ, ಗಟ್ಟಿಮುಟ್ಟಾಗಿದ್ರು! ನನ್ನ ಅಂಗಡಿ ಗೋಡೆ ಇವರೇ ಕಟ್ಟಿದ್ದು. ಬಿರುಕು ಬಿಟ್ಟಿತ್ತು... ಹೋಗ್ಲಿ ಬಿಡಿ, ಈಗ ಅಂದು ಏನು ಸುಖ?"

ಕರವಸ್ತ್ರದಡಿ ಮೇಸ್ತ್ರಿಗಳು ಹಲ್ಲು ಕಚ್ಚಿದರು. ಎದ್ದರೆ ಎತ್ತರ ಹೋಗುತ್ತದೆ, ಮಲಗಿದ್ದರೆ ಮಾನ ಹೋಗುತ್ತದೆ! ಒಂದು ಗಳಿಗೆ ತಡೆದರು. ಎರಡನೇ ಗಳಿಗೆಗೆ ಧಡಕ್ಕನೆ ಎದ್ದು ಕೂತರು.

"ಬಿರುಕು ಬಿಟ್ಟಿದ್ದು ನೀನು ಕಂಡಕಂಡಲ್ಲಿ ಮೊಳೆ ಹೊಡೆದಿದ್ದಕ್ಕೆ ಕಣೋ!"

ಅಂಗಡಿಯವನು ಕೂಗಿದ ಕೂಗಿಗೆ ಬೀದಿಯ ಕಾಗೆಗಳೆಲ್ಲ ಹಾರಿದವು. ಮೇಸ್ತ್ರಿಗಳು, "ಅರ್ಧ ಬೆರಳು ಹೋಯ್ತು!" ಎಂದು ನರಳುತ್ತ ಮತ್ತೆ ಮಲಗಿದರು.

ಸ್ಟುಡಿಯೋದಲ್ಲಿ ದೀಪಗಳೆಲ್ಲ ಹೊತ್ತಿ, ಹೆಂಡತಿ ಜಾಗ ಹಿಡಿದು ನಿಂತ ಮೇಲೆಯೇ ಅವರು ಗಾಡಿಯಿಂದಿಳಿದದ್ದು. ಉಸಿರೆಳೆದು, ಕತ್ತು ನೀಡಿ, ಕಂಬದಂತೆ ನಿಂತರು. ಫೋಟೋದವನು ಕ್ಯಾಮೆರಾದಲ್ಲಿ ಕಣ್ಣಿಟ್ಟವನೇ ಹೇಳಿದ:

"ಅಮ್ಮಾ, ಎಂದಿನ ಹಾಗೆ ಸ್ವಲ್ಪ ಮೊಣಕಾಲು ಬಗ್ಗಿಸಿ."

"ಎಂದಿನ ಹಾಗೆ ಅಂದ್ರೆ?" ಮೇಸ್ತ್ರಿಗಳ ಕತ್ತು ತಿರುಗಿತು.

ಫೋಟೋದವನು ನಾಲಿಗೆ ಕಚ್ಚಿಕೊಂಡ. "ಅದು... ನಮ್ಮಪ್ಪ ನನಗೆ ಸ್ಟುಡಿಯೋ ಬಿಟ್ಟುಕೊಡುವಾಗಲೇ ಹೇಳಿದ್ರು, ಮೇಸ್ತ್ರಿಗಳ ಫೋಟೋದಲ್ಲಿ ಅಮ್ಮನ ಮೊಣಕಾಲು ಕಾಣಿಸಬಾರದು ಅಂತ."

"ಈ ಸಲ ಆಗಲ್ಲಪ್ಪ," ಎಂದಳು ಹೆಂಡತಿ. "ಮೂಳೆಯೇನೋ ಕೂಡಿದೆ, ಆದ್ರೆ ಮೊಣಕಾಲು ಬಿಗಿದುಕೊಂಡಿದೆ. ಬಗ್ಗಿ ನಿಂತ್ರೆ ಪ್ರಾಣ ಹೋಗುತ್ತೆ."

ಮೇಸ್ತ್ರಿಗಳಿಗೆ ನಡುಮನೆಯ ಗೋಡೆಯೇ ಕಣ್ಣೆದುರು ಓರೆಯಾಗಿ ಹೋಯಿತು. ಹಗಲೆಲ್ಲ ಕಟ್ಟಡಕ್ಕೆ ಕಟ್ಟಿದ ಸಾರುವೆಯ ಮೇಲೆ ಹತ್ತಿ ನಿಂತ ಬದುಕು; ಇಳಿದರೆ ಕೂರುವುದು, ಮಲಗುವುದು. ಹೆಂಡತಿಯ ಪಕ್ಕ ಸುಮ್ಮನೆ ನೆಟ್ಟಗೆ ನಿಂತದ್ದೆಂದರೆ ವರ್ಷಕ್ಕೊಮ್ಮೆ, ಇಲ್ಲೇ, ಫೋಟೋಕ್ಕೆ!

"ಇಷ್ಟು ವರ್ಷ ಬಗ್ಗಿದ್ಯಾ? ಒಂದು ಮಾತು ಹೇಳೋದಲ್ವೇನೇ?"

"ಕೂದಲೆಳೆ ಓರೆ ಇದ್ರೂ ನಿಮಗೆ ಕಾಣುತ್ತಲ್ಲ ರೀ. ಇದೂ ಕಂಡಿರುತ್ತೆ, ಖುಷಿಯಲ್ಲಿ ಸುಮ್ಮನಿದೀರಿ ಅಂದ್ಕೊಂಡಿದ್ದೆ!"

ಮಗಳು ಮುಖ ಮುಚ್ಚಿಕೊಂಡು ಮೂಲೆಗೆ ತಿರುಗಿದಳು. ಅವಳ ಭುಜ ಕುಣಿಯುತ್ತಿತ್ತು. ಫೋಟೋದವನು ಮೆಲ್ಲಗೆ ಒಂದು ಮಣೆ ತಂದು ಮೇಸ್ತ್ರಿಗಳ ಕಾಲ ಬಳಿ ಇಟ್ಟ. ಮೇಸ್ತ್ರಿಗಳು ಅದನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದರು.

"ಬೇಡ ತೆಗಿ. ಇವತ್ತು ನೆತ್ತಿಯಿಂದ ಪಾದದವರೆಗೆ ಪೂರ್ತಿ ತೆಗಿ. ಮೊಣಕಾಲೂ ಬರಲಿ, ಕೋಲೂ ಬರಲಿ. ಇದನ್ನ ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ ನಾನೇ ಕೈಯಾರೆ ತೂಗುಹಾಕ್ತೀನಿ!"

ಹೆಂಡತಿ ಅವರನ್ನೊಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು, ಇದ್ದಷ್ಟೂ ಎತ್ತರಕ್ಕೆ ನೆಟ್ಟಗೆ ನಿಂತಳು. ಮೇಸ್ತ್ರಿಗಳೂ ಅಮುಕಿದ ಮೆತ್ತೆಗಳನ್ನೆಲ್ಲ ಒಂದೊಂದಾಗಿ ಕೂಗಿ ಎಬ್ಬಿಸಿದವರಂತೆ ಸೆಟೆದು ನಿಂತರು.

ಫೋಟೋದವನು ಕ್ಯಾಮೆರಾದಿಂದ ತಲೆಯೆತ್ತಿದ. "ಮೇಸ್ತ್ರಿಗಳೇ, ಅಮ್ಮನ ಬದಲು ಈಗ ನೀವು ಮೊಣಕಾಲು ಬಗ್ಗಿಸಬೇಡಿ. ನೆಟ್ಟಗೆ ನಿಂತ್ಕೊಳ್ಳಿ."

"ನೆಟ್ಟಗೇ ನಿಂತಿದೀನಿ ಕಣಯ್ಯಾ!"