ಚಿಕ್ಕಪ್ಪನ ನಡಿಗೆ

ಪುಕ್ಕಲ ಹತ್ತಿ ಕೂತರೆ ಕುದುರೆ ಕುಂಟುತ್ತಿತ್ತು. ಇಳಿದು ಹಗ್ಗ ಹಿಡಿದು ನಡೆಸಿದರೆ ಮದುಮಗಳ ಹಾಗೆ ನೆಟ್ಟಗೆ ಬರುತ್ತಿತ್ತು. ಬೆಳಿಗ್ಗೆಯಿಂದ ಅಂಚೆ ಕಚೇರಿಯ ಬೀದಿಯಲ್ಲಿ ನಾಲ್ಕು ಸಲ ಹತ್ತಿ ಇಳಿದ. ನಾಲ್ಕು ಸಲವೂ ಅದೇ ರಾಗ.

ಹಲ್ಲಿ ಲೊಚಗುಟ್ಟಿದರೂ ಬೆಚ್ಚುತ್ತಿದ್ದುದರಿಂದ ಅವನಿಗೆ ಆ ಹೆಸರು ಬಂದಿತ್ತು. ಗುಡ್ಡದಾಚೆಯ ಮನೆಗಳಿಗೆ ಕುದುರೆಯ ಮೇಲೆ ಅಂಚೆ ಒಯ್ಯುತ್ತಿದ್ದ ಚಿಕ್ಕಪ್ಪ ಮೂರು ವಾರದ ಹಿಂದೆ ತೀರಿಕೊಂಡಿದ್ದ. ಅವನ ಕುದುರೆ, ಜೀನು, ಕೆಲಸ ಮೂರೂ ಈಗ ಪುಕ್ಕಲನ ಪಾಲಿಗೆ ಬಂದಿದ್ದವು. ಸಂಜೆ ನಾಲ್ಕಕ್ಕೆ ಇನ್ಸ್‌ಪೆಕ್ಟರು ಬಂದು ಕುದುರೆಯನ್ನೂ ಸವಾರನನ್ನೂ ಒಪ್ಪಿದರೆ ಕೆಲಸ ಖಾಯಂ. ಒಪ್ಪದಿದ್ದರೆ ನೆಲಮಾಳಿಗೆಯಲ್ಲಿ ಲಕೋಟೆಗೆ ಮುದ್ರೆ ಒತ್ತುವುದು, ಹಳೇ ಗಂಡನ ಪಾದವೇ ಗತಿ. ಒಂಬತ್ತು ವರ್ಷ ಆ ಕತ್ತಲಲ್ಲಿ ಕೂತಿದ್ದವನಿಗೆ ಆಕಾಶದ ಆಸೆ ಹತ್ತಿಬಿಟ್ಟಿತ್ತು.

"ಜೀನಿನ ಕೆಳಗೆ ಮುಳ್ಳಿರ್ಬೇಕು ಕಣೋ," ಎಂದ ಎದುರಂಗಡಿಯ ದರ್ಜಿ. ಜೀನು ಬಿಚ್ಚಿ, ಕೊಡವಿ, ಮತ್ತೆ ಕಟ್ಟಿದರು. ದರ್ಜಿಯ ಸೂಜಿಯೊಂದು ಕಳೆದುಹೋದದ್ದೇ ಲಾಭ.

ಪಕ್ಕದಂಗಡಿಯ ಕ್ಷೌರಿಕ ಮಾತ್ರ ಕತ್ತಿ ಕೆಳಗಿಟ್ಟು ಕಣ್ಣು ಮುಚ್ಚಿ ನಿಂತ. "ಎಲ್ರೂ ಸ್ವಲ್ಪ ಬಾಯಿ ಮುಚ್ಚಿ. ನೀನು ಹತ್ತಿ ಓಡ್ಸು."

ಟಕ್... ಸರ್. ಟಕ್... ಸರ್.

"ಇಪ್ಪತ್ತು ವರ್ಷ ಕೇಳಿದ್ದೀನಿ ಈ ಸದ್ದು. ನಿನ್ನ ಚಿಕ್ಕಪ್ಪ ಬೀದೀಲಿ ನಡೆದು ಬರ್ತಿದ್ದದ್ದು ಹೀಗೇನೇ."

ಯಾರೂ ನಗಲಿಲ್ಲ. ಚಿಕ್ಕಪ್ಪನ ಎಡಗಾಲು ಎರಡು ಬೆರಳಿನಷ್ಟು ಗಿಡ್ಡವಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಅಷ್ಟರಲ್ಲಿ ಅಂಚೆ ಕಚೇರಿಯ ಎದುರು ಮನೆಯ ಬಾಗಿಲು ತೆರೆಯಿತು. ಚಿಕ್ಕಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಬಂದು, "ಬಂದ್ರಾ?" ಎಂದಳು. ಪುಕ್ಕಲನ ಮುಖ ಕಂಡದ್ದೇ ಬಾಗಿಲು ಹಾಕಿಕೊಂಡಳು. ಅವನಿಗೆ ಭಯಕ್ಕಿಂತ ಸಂಕಟವೇ ಹೆಚ್ಚಾಯಿತು.

ದರ್ಜಿ ಹತ್ತಿರ ಬಂದು ಪಿಸುಗುಟ್ಟಿದ. "ನಿನ್ನ ಚಿಕ್ಕಪ್ಪ ಇನ್ನೂ ಇಳಿದೇ ಇಲ್ಲ ಕಣೋ. ನೀನು ಅವರ ತೊಡೆ ಮೇಲೆ ಕೂತಿದ್ದೀಯ."

ಪುಕ್ಕಲ ಜೀನಿನಿಂದ ಹಾರಿದ ರಭಸಕ್ಕೆ ಕುದುರೆಯೇ ಬೆಚ್ಚಿತು.

ಮೂರೂವರೆಗೆ ಪಶುವೈದ್ಯೆ ಬಂದಳು. ಗೊರಸು ತಟ್ಟಿದಳು, ಬೆನ್ನು ಒತ್ತಿದಳು, ಅವನನ್ನು ಬೈದು ಮತ್ತೆ ಹತ್ತಿಸಿ ಹಿಂದಿನಿಂದ ನೋಡಿದಳು. "ಕುದುರೆ ಗಟ್ಟಿಯಾಗಿದೆ. ನಿನ್ನ ಎಡ ಮೊಣಕಾಲು ಯಾಕೆ ಅಷ್ಟು ಮೇಲಿದೆ?"

ಕಾಲಿಡುವ ಎಡ ರಿಕಾಪಿನ ಪಟ್ಟಿಯನ್ನು ಚಿಕ್ಕಪ್ಪ ತನ್ನ ಗಿಡ್ಡ ಕಾಲಿಗೆ ತಕ್ಕಂತೆ ಮೂರು ತೂತು ಮೇಲಕ್ಕೆ ಕಟ್ಟಿದ್ದ. ಸತ್ತವರ ಬಕಲ್ಲು ಮುಟ್ಟುವುದು ಬೇಡವೆಂದು ಪುಕ್ಕಲ ಹಾಗೇ ಬಿಟ್ಟಿದ್ದ.

"ನೀನು ಸೊಟ್ಟ ಕೂತ್ರೆ ಅದು ನೆಟ್ಟಗೆ ನಡೆಯತ್ತಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

ಬಕಲ್ಲು ಸುಲಭಕ್ಕೆ ಬಿಡಲಿಲ್ಲ. ಆ ಕಡೆಯಿಂದ ಯಾರೋ ಎಳೆದು ಹಿಡಿದ ಹಾಗಿತ್ತು. ವೈದ್ಯೆ ಹಲ್ಲು ಕಚ್ಚಿ ಎಳೆದಾಗ ಫಟ್ಟನೆ ಬಂತು. ಕುದುರೆ ದೀರ್ಘವಾಗಿ ಉಸಿರು ಬಿಟ್ಟಿತು. ಚುರುಗುಟ್ಟುವ ಬಿಸಿಲಲ್ಲೂ ಪುಕ್ಕಲನ ಎಡಗಾಲು ತಣ್ಣಗಾಯಿತು.

ನಾಲ್ಕಕ್ಕೆ ಇನ್ಸ್‌ಪೆಕ್ಟರು ಅಂಚೆ ಕಚೇರಿಯ ಮೆಟ್ಟಿಲ ಮೇಲೆ ನಿಂತಿದ್ದರು. ಕುದುರೆ ಟಕ್ ಟಕ್ ಟಕ್ ಟಕ್ ಎಂದು ಗಡಿಯಾರದ ಹಾಗೆ ಬಂತು.

"ಭೇಷ್! ಕುದುರೆ ಪಾಸು. ಇಳಿದು ಬಂದು ಸಹಿ ಹಾಕಪ್ಪ."

ಪುಕ್ಕಲ ಖುಷಿಯಿಂದ ಧುಮುಕಿ ಕಲ್ಲುಹಾಸಿನ ಮೇಲೆ ಹೆಜ್ಜೆ ಹಾಕಿದ.

ಟಕ್... ಸರ್. ಟಕ್... ಸರ್.

ಯಾರು ಬರುತ್ತಿದ್ದಾರೆಂದು ಹಿಂತಿರುಗಿ ನೋಡಿದ. ಯಾರೂ ಇರಲಿಲ್ಲ. ಕ್ಷೌರಿಕ ಮೆಲ್ಲಗೆ ಕಣ್ಣು ಮುಚ್ಚಿದ.

ಇನ್ಸ್‌ಪೆಕ್ಟರು ಅವನ ಕಾಲು ನೋಡಿ ಪೆನ್ನಿನ ಮುಚ್ಚಳ ಹಾಕಿ, ಕಚೇರಿಯ ಗುಮಾಸ್ತನತ್ತ ತಿರುಗಿದರು. "ಸವಾರನೇ ಕುಂಟ್ತಾನಲ್ರೀ! ಕೂತು ಮಾಡೋ ಕೆಲಸ ಇದ್ರೆ ಕೊಡಿ."

"ಸಾರ್, ಇದು ನನ್ನ ನಡಿಗೆ ಅಲ್ಲ!" ಎಂದ ಪುಕ್ಕಲ, ಅಳುವ ದನಿಯಲ್ಲಿ.

ಎದುರು ಮನೆಯ ಬಾಗಿಲು ತೆರೆಯಿತು.

"ಬಂದ್ರಾ?" ಎಂದಳು ಚಿಕ್ಕಮ್ಮ. "ಇವತ್ತೇನು, ಕುದುರೆ ಬಿಟ್ಟು ನಡ್ಕೊಂಡೇ ಬಂದ್ರಿ?"

ಈ ಸಲ ಪುಕ್ಕಲನ ಮುಖವನ್ನು ನೆಟ್ಟಗೆ ನೋಡಿದ ಮೇಲೂ ಅವಳು ಬಾಗಿಲು ಹಾಕಲಿಲ್ಲ.