ಅಜ್ಜಿಯ ಬಾತ್‌ರೂಮಿಗೆ ಮನೆ ಅಡ

ಮನೆಯನ್ನು ಅಡ ಇಟ್ಟು ಅದೇ ಮನೆಯ ರಿಪೇರಿಗೆ ಸಾಲ ಕೇಳುವವರ ಮನೆ ನೋಡಿ ಬರುವುದು ಬ್ಯಾಂಕಿನಲ್ಲಿ ನನ್ನ ಕೆಲಸ. ಚಿಂತಾಮಣಿಗೆ ಹೋಗಲಿ, ಗೌರಿಬಿದನೂರಿಗೆ ಹೋಗಲಿ, ನಗು ತಡೆದುಕೊಂಡು ವಾಪಸು ಬರುವುದು ತಪ್ಪಿದ್ದಲ್ಲ. ಮಂಡಿಕಲ್ ಕಡೆಯ ಒಂದೇ ಮನೆಯವರಿಂದ ಮೂರು ಸಲ ಹೀಗಾಯಿತು.

ಅಲ್ಲಿದ್ದವರು ಅಜ್ಜಿ, ಮಗ, ಸೊಸೆ. ಹಿತ್ತಲಿನ ಕಕ್ಕಸಿಗೆ ಹೋಗುವಾಗ ಅಜ್ಜಿ ಎರಡು ಸಲ ಜಾರಿ ಬಿದ್ದಿದ್ದರು. ಮತ್ತೆ ಬಿದ್ದರೆ ಏಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಹಿಂದಿನ ಗೋಡೆ ಸರಿಮಾಡಿಸಿ, ಅಜ್ಜಿಯ ಕೋಣೆಗೆ ಹೊಂದಿಕೊಂಡಂತೆ ಒಂದು ಬಾತ್‌ರೂಮು ಕಟ್ಟಿಸಲು ಸಾಲ.

ಕ್ಯಾಲೆಂಡರು

ಮೊದಲ ಸಲ ಹೋದಾಗ ಮನೆಗೆ ಸುಣ್ಣ ಹೊಡೆದಿದ್ದರು. ಹೆಣ್ಣು ನೋಡಲು ಬಂದವನಿಗೆ ಕೊಡುವಂತೆ ನನಗೆ ಉಪ್ಪಿಟ್ಟು ಕೊಟ್ಟರು. ಮಗ ಗೋಡೆ ಗುದ್ದಿ ಗುದ್ದಿ ತೋರಿಸಿದರು, ತಾತನ ಕಾಲದ್ದು, ಕಲ್ಲಿನಂತಿದೆ ಎಂದರು. ಸೊಸೆ ಹೋಗಿ ಹಿಂದಿನ ಗೋಡೆಯ ಕ್ಯಾಲೆಂಡರು ತೆಗೆದರು. ಅದರ ಹಿಂದೆ ಕೈ ಹೋಗುವಷ್ಟು ಬಿರುಕು.

"ಮನೆ ಗಟ್ಟಿ ಇದ್ರೆ ರಿಪೇರಿಗ್ಯಾಕೆ ಸಾಲ ಕೊಡ್ತಾರೆ?" ಎಂದು ಸೊಸೆ.

"ಬೀಳೋ ಮನೆ ಮೇಲೆ ಯಾರು ಕೊಡ್ತಾರೆ?" ಎಂದು ಮಗ.

ಇಬ್ಬರೂ ಹೇಳಿದ್ದು ಸರಿ ಎಂದೆ. ಸೊಸೆ ಸ್ವಲ್ಪ ಯೋಚಿಸಿದರು. "ಮುಂದೆ ಗಟ್ಟಿ, ಹಿಂದೆ ಬಿರುಕು ಅಂತ ಬರ್ಕೊಳ್ಳಿ ಸಾರ್."

ಹಾಗೇ ಬರೆದೆ.

ಓಲೆ

ಮನೆ ಅಜ್ಜಿಯ ಹೆಸರಲ್ಲಿತ್ತು. ಸಹಿಗೆ ಬ್ಯಾಂಕಿಗೆ ಬಂದವರು ಪೆನ್ನು ಹಿಡಿದು ನಿಂತುಬಿಟ್ಟರು. ಹಿಂದೊಮ್ಮೆ ಕಿವಿಯ ಓಲೆ ಅಡ ಇಟ್ಟಿದ್ದರಂತೆ. ಬಿಡಿಸುವ ತನಕ ಓಲೆ ಬ್ಯಾಂಕಿನಲ್ಲೇ ಇತ್ತು.

"ಈಗ ಮನೆ ಇಡ್ತಿದೀವಲ್ಲಪ್ಪ, ಅಲ್ಲೀವರ್ಗೂ ನಾವೆಲ್ಲಿರೋದು?"

ಮನೆ ನಿಮ್ಮ ಹತ್ತಿರವೇ ಇರುತ್ತದೆ, ಪತ್ರ ಮಾತ್ರ ನಮ್ಮಲ್ಲಿರುತ್ತದೆ ಎಂದು ವಿವರಿಸಿದೆ.

"ಓಲೆಗೂ ಅಂಗಡಿ ರಸೀದಿ ಇತ್ತು. ಅದನ್ನಿಟ್ಕೊಂಡು ಓಲೆ ಕೊಡಬೋದಿತ್ತಲ್ಲ?"

ನಾನು ಓದಿದ್ದು ಭೌತಶಾಸ್ತ್ರ. ಮ್ಯಾನೇಜರ್ ಕಡೆ ನೋಡಿದೆ. ಅವರು ಫೋನ್ ತೆಗೆದುಕೊಂಡು ಹೊರಗೆ ಹೋದರು. ಫೋನು ಬಂದೇ ಇರಲಿಲ್ಲ.

ಮೊದಲು ನೀವು

ಅಂತೂ ಅಜ್ಜಿ ಸಹಿ ಹಾಕಿದರು, ಸಾಲ ಸಿಕ್ಕಿತು. ಕೆಲಸ ಮುಗಿಯಿತೆಂದು ಮನೆಗೆ ಕರೆದರು. ಬಾತ್‌ರೂಮು ಅಚ್ಚುಕಟ್ಟಾಗಿತ್ತು. ಜಾರದ ಟೈಲ್ಸು, ಹಿಡಿದುಕೊಳ್ಳಲು ಕಂಬಿ, ಬಾಗಿಲಿಗೆ ಅರಿಶಿನ ಕುಂಕುಮ, ಮಾವಿನ ತೋರಣ. ಫೋಟೊ ತೆಗೆಯುವಾಗ ಸೊಸೆ ಮೆಲ್ಲಗೆ ಹೇಳಿದರು: ಎಲ್ಲ ಮುಗಿದು ಹದಿನೈದು ದಿನ ಆಯಿತು, ಅತ್ತೆ ಇನ್ನೂ ಕೋಲೂರಿಕೊಂಡು ಹಿತ್ತಲಿಗೇ ಹೋಗುತ್ತಾರೆ, ಮಳೆ ಬೇರೆ ಶುರುವಾಗಿದೆ.

ಯಾಕಜ್ಜಿ ಎಂದು ಕೇಳಿದೆ.

"ದುಡ್ಡು ಕೊಟ್ಟೋರು ನೀವು. ನೀವು ಹೋಗಿಬರದೆ ನಾವು ಹೆಂಗಪ್ಪ ಹೋಗೋದು? ಮರ್ಯಾದೆ ಅಲ್ಲ."

ಅದು ನಿಮ್ಮದೇ ಎಂದು ಮೂರು ರೀತಿಯಲ್ಲಿ ಹೇಳಿ ನೋಡಿದೆ. ಅಜ್ಜಿ ಕದಲಲಿಲ್ಲ. ಸೊಸೆ ನನ್ನ ಕೈಗೆ ಒಂದು ಟವಲು ಕೊಟ್ಟರು.

ಒಳಗೆ ಹೋಗಿ ಚಿಲಕ ಹಾಕಿದೆ. ಹೊರಗೆ ಮೂವರೂ ಉಸಿರಾಡದೆ ನಿಂತಿದ್ದರು. ಅಂಥ ನಿಶ್ಶಬ್ದದಲ್ಲಿ ಯಾರಿಗೂ ಏನೂ ಸಾಧ್ಯವಿಲ್ಲ. ಎರಡು ಮಗ್ಗು ನೀರು ಸುರಿದು, ಫ್ಲಶ್ ಒತ್ತಿ ಹೊರಬಂದೆ.

"ಎಲ್ಲಾ ಸಲೀಸಾಯ್ತಾಪ್ಪ?"

"ಆಯ್ತಜ್ಜಿ."

ಅಜ್ಜಿ ಕೋಲನ್ನು ಗೋಡೆಗೆ ಒರಗಿಸಿ, ಕಂಬಿ ಹಿಡಿದು ಒಳಗೆ ಹೋದರು.

ಬ್ಯಾಂಕಿಗೆ ಬಂದು ವರದಿಯ ಕೊನೆಗೆ ಎಲ್ಲರೂ ಬರೆಯುವ ಸಾಲನ್ನೇ ಬರೆದೆ: "ಕಾಮಗಾರಿ ಮುಗಿದಿದೆ, ಬಳಕೆಗೆ ಯೋಗ್ಯವಾಗಿದೆ, ಖುದ್ದಾಗಿ ಪರೀಕ್ಷಿಸಿದ್ದೇನೆ." ಇಷ್ಟು ಪ್ರಾಮಾಣಿಕವಾಗಿ ಅದನ್ನು ಬರೆದವರು ನಮ್ಮ ಶಾಖೆಯಲ್ಲಿ ಬೇರೆ ಯಾರೂ ಇರಲಾರರು.