ಅತ್ತೆಯ ಫೋಟೋ ಸವಾರಿ

ಗುಟ್ಟು ಕಾಪಾಡುವುದರಲ್ಲಿ ನಮ್ಮ ಅತ್ತೆಯಷ್ಟು ಗಟ್ಟಿ ಹೆಂಗಸು ಇಡೀ ಗದಗ-ಬೆಟಗೇರಿಯಲ್ಲಿ ಇನ್ನೊಬ್ಬಳಿಲ್ಲ. ನೀವು ಹೇಳಿದ್ದನ್ನು ಅವಳು ಯಾರ ಮುಂದೂ ಬಾಯಿ ಬಿಡುವುದಿಲ್ಲ. ಅಂಥದೇ ಗುಟ್ಟಿರುವವರು ಜಿಲ್ಲೆಯಲ್ಲಿ ಇನ್ನೂ ಯಾರಿದ್ದಾರೆ ಎಂದು ಹುಡುಕಿಕೊಂಡು ಹೊರಡುತ್ತಾಳೆ, ಅಷ್ಟೇ. ಅದೂ ನನ್ನ ಸ್ಕೂಟರಿನ ಮೇಲೆ, ನನ್ನ ರವಿವಾರಗಳನ್ನೆಲ್ಲ ನುಂಗಿ!

ಆದದ್ದಿಷ್ಟು. ಮನೆಯಲ್ಲಿ ನನಗೆ ಹೆಣ್ಣು ಹುಡುಕಲು ಶುರು ಮಾಡಿದಾಗ, ನನಗೆ ಮನಸ್ಸಾಗುವುದು ಗಂಡಸರ ಮೇಲೆ, ಈ ಮದುವೆಯ ಮಾತು ಬೇಡ ಎಂದು ಅಪ್ಪನಿಗೆ ಹೇಳಿಬಿಟ್ಟೆ. ಮಗ್ಗದಲ್ಲಿ ಕುಳಿತಿದ್ದ ಅಪ್ಪ ಕೈ ನಿಲ್ಲಿಸಲಿಲ್ಲ, ಮಾತು ನಿಲ್ಲಿಸಿದ. ಅಂದಿನಿಂದ ಒಂದೇ ಸೂರಿನಡಿ ಇದ್ದೂ ನನ್ನ ಸಂಗಡ ಒಂದಕ್ಷರ ಆಡಲಿಲ್ಲ. ನಾನು ಎದುರಿಗೇ ಕುಳಿತಿದ್ದರೂ, ನನ್ನ ಪಕ್ಕದ ನೀರಿನ ತಂಬಿಗೆಯನ್ನು ಅಡುಗೆಮನೆಯಲ್ಲಿದ್ದ ಅವ್ವನನ್ನು ಕರೆದು ಕೇಳುತ್ತಿದ್ದ. ತಾಳಲಾರದೆ ಒಂದು ದಿನ ಈ ಅತ್ತೆಯ ಮುಂದೆ, ಅಂದರೆ ಅಪ್ಪನ ಅಕ್ಕನ ಮುಂದೆ, ಎಲ್ಲ ಹೇಳಿಕೊಂಡು ಅತ್ತುಬಿಟ್ಟೆ. ಕನ್ನಡ ಶಾಲೆಯಲ್ಲಿ ಟೀಚರಾಗಿ ನಿವೃತ್ತಳಾದವಳು, ತಲೆ ಸವರಿ ನಾಲ್ಕು ಸಮಾಧಾನದ ಮಾತು ಹೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಹಾಜರಿ ಕೂಗುವ ದನಿಯಲ್ಲಿ ಕೇಳಿದಳು:

"ನಿನ್ನಂಥಾವ್ರು ನಮ್ಮ ಕಡೆ ಇನ್ನ ಯಾರ್ಯಾರು ಅದಾರ?"

ನನಗೇನು ಗೊತ್ತು ಅಂದೆ.

"ಗೊತ್ತಿಲ್ಲಂದ್ರ ಹುಡುಕೋಣು. ನಿಮ್ಮಪ್ಪಗ ನೀ ಒಬ್ಬನ ಕಾಣಾಕತ್ತಿ. ಮಂದಿ ಎಲ್ಲಾ ಕಣ್ಣಿಗಿ ಬಿದ್ರ ತಾನ ದಾರಿಗಿ ಬರ್ತಾನ."

ನಾನು ಕೇಳಿದ್ದು ಒಂದಿಷ್ಟು ಸಾಂತ್ವನ. ಸಿಕ್ಕಿದ್ದು ಡ್ರೈವರ್ ಕೆಲಸ! ಅತ್ತೆ ಕ್ಯಾಮೆರಾ ಕೊಂಡಳು. ಬೆಟಗೇರಿಯ ಸಂತೆಯಲ್ಲಿ ಪರಿಚಯವಿದ್ದ, ಗಂಡಾಗಿ ಹುಟ್ಟಿ ಎಲ್ಲಮ್ಮನ ಹೆಸರಿನಲ್ಲಿ ಸೀರೆ ಉಟ್ಟ ಜೋಗಮ್ಮನೊಬ್ಬಳಿಗೆ ವಿಷಯ ತಿಳಿಸಿದಳು. ಅವಳು ಇನ್ನೊಬ್ಬರಿಗೆ ಹೇಳಿದಳು, ಅವರು ಮತ್ತೊಬ್ಬರಿಗೆ. ನೋಡನೋಡುತ್ತಿದ್ದಂತೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ಅತ್ತೆಗೆ ಫೋನು ಬರತೊಡಗಿತು.

ಅವಳ ಪದ್ಧತಿಯೋ, ದೇವರೇ! ಮೊದಲು ಆ ಮನೆಯಲ್ಲಿ ಊಟ ಮಾಡಬೇಕು. ಆಮೇಲೆ ಅವರ ಕಥೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಬೇಕು. ಕೊನೆಗೆ ಫೋಟೋ. ಫೋಟೋ ತೆಗೆಯುವಾಗ ಅವರ ಬೆನ್ನ ಹಿಂದೆ, ಅಪ್ಪ ನೇಯ್ದ ಸೀರೆಯನ್ನೇ ಪರದೆಯಾಗಿ ಹಿಡಿಯಬೇಕು. ಹಿಡಿಯುವವರು ಯಾರು? ಹೊಟ್ಟೆ ಬಿರಿಯುವಷ್ಟು ರೊಟ್ಟಿ, ಎಣ್ಣಿಗಾಯಿ ತಿಂದು, ಕೈ ಎರಡೂ ಮೇಲೆತ್ತಿ ಬಿಸಿಲಿನಲ್ಲಿ ನಿಂತು ನೋಡಿ, ಆಗ ನನ್ನ ಕಷ್ಟ ತಿಳಿಯುತ್ತದೆ. ಕೈ ಒಂದಿಷ್ಟು ಕೆಳಗಿಳಿದರೆ ಸಾಕು, ಕಲಿಸಿದ ಮಕ್ಕಳನ್ನು ಗದರಿಸಿದಂತೆ ಗದರಿಸುತ್ತಿದ್ದಳು.

ಸಿಕ್ಕವರೂ ಸಾಮಾನ್ಯರೇ? ಶಿರಹಟ್ಟಿಯ ಗೃಹಸ್ಥರೊಬ್ಬರಿಗೆ ಹೆಂಡತಿ ಮಕ್ಕಳಿದ್ದರು. ಹಾಗಾಗಿ ಮುಖ ಕಾಣಬಾರದು, ಆದರೆ ಮೀಸೆ ಕಾಣಲೇಬೇಕು ಎಂದರು! ಬಹಳ ಮುತುವರ್ಜಿಯಿಂದ ಬೆಳೆಸಿದ ಮೀಸೆಯಂತೆ. ಮುಖ ಬಿಟ್ಟು ಮೀಸೆಯೊಂದನ್ನೇ ತೆಗೆಯುವುದು ಹೇಗೆ? ಕೊನೆಗೆ ಅವರ ಕೈಗೊಂದು ತಟ್ಟೆ ಕೊಟ್ಟು, ಮೂಗಿನ ಮೇಲಿನದೆಲ್ಲ ಮರೆಯಾಗುವಂತೆ ಹಿಡಿಸಿ ತೆಗೆದದ್ದಾಯಿತು. ಲಕ್ಷ್ಮೇಶ್ವರದ ಮಂಗಳಮುಖಿಯೊಬ್ಬಳಿಗೆ ಅತ್ತೆ ಬೆನ್ನು ನೆಟ್ಟಗೆ ಮಾಡಲು ಹೇಳಿದ್ದೇ ತಡ, ಅವಳು ಕ್ಯಾಮೆರಾ ಕಸಿದುಕೊಂಡು ಅತ್ತೆಯನ್ನೇ ಕೂರಿಸಿ, ಸೆರಗು ಸರಿಪಡಿಸಿ, ನಗುವುದು ಹೇಗೆಂದು ಪಾಠ ಹೇಳಿಕೊಟ್ಟಳು. ಸಿಂಗಟಾಲೂರಿನಲ್ಲಿ ಹೊಳೆಯ ದಂಡೆಗೆ ಒಟ್ಟಿಗೆ ಸಂಸಾರ ಮಾಡಿಕೊಂಡಿದ್ದ ಇಬ್ಬರು ಹೆಂಗಸರು, ತಾವು ಮೊದಲು ಭೇಟಿಯಾದದ್ದು ಎಲ್ಲಿ ಎಂಬುದರ ಮೇಲೇ ಜಗಳಕ್ಕೆ ಬಿದ್ದರು. ರೆಕಾರ್ಡಿನಲ್ಲಿ ಇರುವುದು ಬರೀ ಆ ಜಗಳ. ಇದಲ್ಲವೇ ಖರೇ ಸಂಸಾರ ಎಂದು ಅತ್ತೆ ಅದನ್ನು ಹಾಗೇ ಉಳಿಸಿಕೊಂಡಿದ್ದಾಳೆ.

ಎಲ್ಲಿಗೆ ಹೋದರೂ ಕೊನೆಗೆ ಒಂದು ಪ್ರಶ್ನೆ ಕೇಳದೆ ಅವಳು ಏಳುತ್ತಿರಲಿಲ್ಲ: ಈ ಫೋಟೋ ಯಾರು ನೋಡಬೇಕು, ಯಾರು ನೋಡಬಾರದು? ಅವರು ಬೇಡ ಎಂದವರ ಕಣ್ಣಿಗೆ ಅದು ಬೀಳುತ್ತಿರಲಿಲ್ಲ. ಇದೊಂದು ವಿಷಯದಲ್ಲಿ ಅತ್ತೆಯ ಮೇಲೆ ಕೋಪ ಮಾಡಿಕೊಳ್ಳಲು ನನ್ನಿಂದ ಆಗಿಲ್ಲ.

ಆದರೆ ಬೆಳ್ಳಟ್ಟಿಯದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅಲ್ಲಿಯ ಹುಡುಗಿಯೊಬ್ಬಳು, ತನಗೆ ಮನಸ್ಸಿರುವುದು ಹುಡುಗಿಯರ ಮೇಲೆ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ರವಿವಾರ ಎಲ್ಲರೂ ಹೊಲಕ್ಕೆ ಹೋಗಿರುತ್ತಾರೆ, ಬನ್ನಿ ಎಂದು ತಾನಾಗಿ ಫೋನು ಮಾಡಿದ್ದಳು. ನಾವು ಹೋದಾಗ ಎಲ್ಲರೂ ಮನೆಯಲ್ಲೇ! ಅವರಿಗೆ ಕಂಡದ್ದು ಅತ್ತೆಯಂಥ ಹಿರಿಯ ಹೆಂಗಸು, ಜೊತೆಗೆ ನನ್ನಂಥ ಇಸ್ತ್ರಿ ಅಂಗಿ ತೊಟ್ಟ ಮದುವೆ ವಯಸ್ಸಿನ ಗಂಡು, ಚೀಲದಲ್ಲಿ ಹೊಸ ಸೀರೆ. ಇದಕ್ಕೆ ನಮ್ಮ ಕಡೆ ಬೇರೆ ಅರ್ಥವುಂಟೇ? ಹೆಣ್ಣು ನೋಡಲು ಬಂದಿದ್ದಾರೆ!

ನಾವು ಬಾಯಿ ತೆರೆಯುವುದರೊಳಗೆ ಶಿರಾ, ಉಪ್ಪಿಟ್ಟು ಬಂದವು. ಹುಡುಗಿಯ ಅಜ್ಜ ನನ್ನ ಪಗಾರ ಕೇಳಿದ. ಅಜ್ಜಿ ಸೀರೆಯನ್ನು ಕಣ್ಣಿಗೊತ್ತಿಕೊಂಡು, ಅರಿಷಿಣ ಕುಂಕುಮ ಹಚ್ಚಿ ದೇವರ ಮುಂದಿಟ್ಟೇಬಿಟ್ಟಳು. ಹುಡುಗಿ ಚಹಾ ತಂದಳು. ಕಪ್ಪುಗಳು ಗಡಗಡ ನಡುಗುತ್ತಿದ್ದವು. ಪಾಪ, ಹೆದರಿದ್ದಾಳೆ ಎಂದುಕೊಂಡರೆ ಅವಳು ನಗು ತಡೆದುಕೊಳ್ಳುತ್ತಿದ್ದಳು. ಕಪ್ಪು ಕೊಡುವಾಗ ಬಗ್ಗಿ ಪಿಸುಗುಟ್ಟಿದಳು:

"ನೀವ ನನ್ನ ಒಲ್ಲೆ ಅಂದುಬಿಡ್ರಿ."

"ನೀವ ಅನ್ರಿ. ನಾ ಒಮ್ಮೆ ಒಲ್ಲೆ ಅಂದಿದ್ದಕ್ಕ ನಮ್ಮಪ್ಪ ಮಾತು ಬಿಟ್ಟಾನ" ಎಂದೆ.

ಅತ್ತೆ ನಿಧಾನವಾಗಿ ಶಿರಾ ಮುಗಿಸಿ, ಬಾಯಿ ಒರೆಸಿಕೊಂಡು, ನಿಮ್ಮ ಬೆಡಗು, ಅಂದರೆ ಗೋತ್ರ, ಯಾವುದು ಎಂದು ಅಜ್ಜನನ್ನು ಕೇಳಿದಳು. ಅವನು ಹೇಳಿದ. ಅಯ್ಯೋ, ನಮ್ಮದೂ ಅದೇ ಎಂದು ಅತ್ತೆ ಹಣೆ ಬಡಿದುಕೊಂಡಳು. ನಮ್ಮದು ಅದಲ್ಲವೇ ಅಲ್ಲ! ಆದರೆ ನಮ್ಮ ಮಂದಿಯಲ್ಲಿ ಬೆಡಗು ಒಂದಾದರೆ ಅಣ್ಣ ತಂಗಿ, ಮುಂದೆ ಮಾತೇ ಇಲ್ಲ. ಅಜ್ಜನ ಮುಖ ಬಾಡಿತು. ಅಜ್ಜಿ ಮಾತ್ರ, ಅಣ್ಣ ತಂಗಿಗೆ ಸೀರೆ ತಂದಂತಾಯಿತು ಬಿಡು ಎಂದು ಸೀರೆಯನ್ನು ಒಳಗಿಟ್ಟುಕೊಂಡಳು. ಹೇಗೂ ನೆಂಟರಾಗಿದ್ದೆವಲ್ಲ, ಹಿತ್ತಲಲ್ಲಿ ಕೌದಿಯೊಂದನ್ನು ಪರದೆ ಮಾಡಿ ಹುಡುಗಿಯ ಫೋಟೋ ತೆಗೆದರೂ ಯಾರೂ ಏನೂ ಕೇಳಲಿಲ್ಲ.

ಅಂದು ಸಂಜೆ ಅತ್ತೆ ಅಪ್ಪನ ಹತ್ತಿರ ಇನ್ನೊಂದು ಸೀರೆ ಕೇಳಿದಳು. ಯಾಕೆಂದು ಅವನು ಕೇಳಲಿಲ್ಲ. ಆರಿಸಿ ಆರಿಸಿ ಒಂದನ್ನು ತೆಗೆದು ಅಕ್ಕನ ಕೈಗಿಟ್ಟ. ನಾನು ಪಕ್ಕದಲ್ಲೇ ಇದ್ದೆ, ನನ್ನ ಕಡೆ ನೋಡಲಿಲ್ಲ. ಆ ಇಡೀ ದಿನ ನಕ್ಕದ್ದೆಲ್ಲ ಆಗ ನನ್ನೊಳಗೆ ಕಹಿಯಾಯಿತು.

ಕೊನೆಗೆ ಫೋಟೋಗಳನ್ನೆಲ್ಲ ಎಲ್ಲಿ ತೂಗುಹಾಕಬೇಕೆಂದು ಅತ್ತೆ ತೀರ್ಮಾನಿಸಿದಳು ಗೊತ್ತೇ? ಅಪ್ಪನ ಮಗ್ಗದ ಕೋಣೆಯಲ್ಲಿ! ಬೇಡ, ಕೈ ಮುಗಿಯುತ್ತೇನೆ ಎಂದೆ. ತನ್ನ ತವರುಮನೆ, ತಾನು ಯಾರನ್ನು ಕೇಳಬೇಕು ಎಂದಳು. ಒಪ್ಪಿದವರ ಫೋಟೋಗಳನ್ನಷ್ಟೇ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಸಿಕ್ಕಿಸಿದಳು. ರವಿವಾರ ಬೆಳಿಗ್ಗೆ ಲಕ್ಷ್ಮೇಶ್ವರದವಳು ಬಂದಳು, ಸಿಂಗಟಾಲೂರಿನವರು ದಾರಿಯುದ್ದಕ್ಕೂ ಜಗಳಾಡುತ್ತಲೇ ಬಂದರು. ಅವ್ವ ಎಲ್ಲರಿಗೂ ಅವಲಕ್ಕಿ ಕೊಟ್ಟಳು. ಅಷ್ಟರಲ್ಲಿ ಅಪ್ಪ ಬಾಗಿಲಿಗೆ ಬಂದು ನಿಂತ. ನಾನು ಗೋಡೆಗೆ ಆತುಕೊಂಡೆ. ಇವನು ಈಗ ಒಂದೇ ಒಂದು ಕೆಟ್ಟ ಮಾತಾಡಿದರೂ ನಾನು ಈ ಮನೆಯಲ್ಲಿ ಇರುವುದಿಲ್ಲ ಎಂದು ಆ ಕ್ಷಣವೇ ನಿರ್ಧರಿಸಿದೆ.

ಅಪ್ಪ ಚಾಳೀಸು ಹಾಕಿಕೊಂಡು ಒಂದೊಂದೇ ಫೋಟೋದ ಮುಂದೆ ನಿಂತ. ತಟ್ಟೆ ಹಿಡಿದ ಮೀಸೆಯವರನ್ನು ಬಹಳ ಹೊತ್ತು ನೋಡಿದ. ಸಿಂಗಟಾಲೂರಿನವರ ಫೋಟೋ ನೋಡಿ, ತಿರುಗಿ ಅವರನ್ನು ನೋಡಿ, ಕುಳಿತುಕೊಳ್ಳುವಂತೆ ಕೈಯಿಂದ ಚಾಪೆ ತೋರಿಸಿದ. ಹಗ್ಗ ಮುಗಿಯುವವರೆಗೂ ಹೋದ. ಅಲ್ಲಿ ನಿಂತು ಹಿಂದಕ್ಕೆ ತಿರುಗಿದ. ಅತ್ತೆಯ ಕಡೆಗಲ್ಲ, ಅವ್ವನ ಕಡೆಗಲ್ಲ, ನೇರ ನನ್ನ ಕಡೆಗೆ.

"ನಿಂದ್ಯಾಕ ಹಾಕಿಲ್ಲ?"

ನಾನು ಅತ್ತೆಯ ಮುಖ ನೋಡಿದೆ. ಅವಳಾದರೂ ಏನಾದರೂ ಹೇಳಬಾರದೇ? ಅವಳು ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು.

"ನೀ ನೋಡೂದಿಲ್ಲ ಅಂತ ತೆಗಿಸಿಲ್ಲ ಅಪ್ಪಾ" ಎಂದೆ.

ಅಪ್ಪ ಚಾಳೀಸು ತೆಗೆದು ಧೋತರದ ಅಂಚಿನಿಂದ ಒರೆಸಿದ, ಮತ್ತೆ ಹಾಕಿಕೊಂಡ.

"ನೋಡ್ತೇನಿ. ಹೋಗು, ಚಲೋ ಅಂಗಿ ಹಾಕ್ಕೊಂಡು ಬಾ."

ಒಳಗೆ ಹೋಗಿ ಟ್ರಂಕು ತೆರೆದೆ. ಅಳುತ್ತಲೇ ಇದ್ದೆ, ಯಾವ ಅಂಗಿ ಕೈಗೆ ಬಂತೋ ನೋಡದೆ ಅದನ್ನೇ ಹಾಕಿಕೊಂಡು ಬಂದೆ.